ಮಗುಚಿದ ಅಂಗೈ

“ಬೇರೆ ಎಲ್ಲಿ ಬೇಕಾದ್ರೂ ಉಳು ಮಗಾ. ಆ ಕೊರುಕ್ ಒಂದನ್ನ ಮುಟ್ಬೇಡ,” ಎಂದ ತೊಕ್ತೊಸುನ್. ರೊಟ್ಟಿ ಮುರಿಯುತ್ತಿದ್ದ ಅವನ ಕೈ ಅಲ್ಲೇ ನಿಂತಿತ್ತು.

ಅಳಿಯ ಕಾಲಿಸ್ ಚಹಾದ ಬಟ್ಟಲನ್ನು ಕೆಳಗಿಟ್ಟು ನಕ್ಕ. “ಯಾಕೆ ಮಾವ? ದೆವ್ವ ಬಂದು ಟ್ರ್ಯಾಕ್ಟರ್ ಕೀಲಿ ಕಿತ್ಕೊಂಡು ಹೋಗುತ್ತಾ?”

“ನಗು. ನಗೋಕೆ ಯಾರಪ್ಪನ ಅಪ್ಪಣೆ ಬೇಕು.” ಮುದುಕ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಅಲ್ಲಿ ಹಸಿರು ಕಿತ್ರೆ, ಕಿತ್ತೋರ ಮನೇಲಿ ಹಸಿರು ಹಸಿರಿರುವಾಗಲೇ ಬಾಡುತ್ತೆ. ಇಷ್ಟೇ ನಾನು ಹೇಳೋದು. ಇನ್ನೂ ಹೆಚ್ಚು ಮಾತಾಡಿದ್ರೆ ಮಲಗಿರೋದು ಎದ್ದು ಕೂತ್ಕೊಳ್ಳುತ್ತೆ.”

“ನನ್ನ ಮನೇಲಿ ಹಸಿರು ಅಂತ ಇರೋದು ಆ ಕಿಟಕಿ ಪರದೆ ಒಂದೇ. ಬಾಡಿದ್ರೆ ಬಾಡ್ಲಿ ಬಿಡಿ, ಹೊಸದು ಹಾಕೋಣ.”

ಆರು ವರ್ಷದ ಬೆಗಾಯ್ ಅಪ್ಪನ ತೊಡೆಯ ಮೇಲೆ ಕೂತಿದ್ದಳು. ಮಾತು ಅರ್ಥವಾಗದಿದ್ದರೂ ಅಪ್ಪ ನಕ್ಕನೆಂದು ತಾನೂ ನಕ್ಕಳು. ಆ ಹುಡುಗಿಯ ರೀತಿಯೇ ಹಾಗೆ. ಅಪ್ಪ ಕೆಮ್ಮಿದರೆ ಕೆಮ್ಮುವಳು, ಅಪ್ಪ ಕೈ ಕಟ್ಟಿಕೊಂಡು ನಡೆದರೆ ಹಿಂದೆಯೇ ಕೈ ಕಟ್ಟಿಕೊಂಡು ನಡೆಯುವಳು. ಮುದುಕ ಅವಳನ್ನೇ ನೋಡುತ್ತ ಕೂತ. ಆಮೇಲೆ ಅವನು ಒಂದು ಚೂರು ರೊಟ್ಟಿಯನ್ನೂ ತಿನ್ನಲಿಲ್ಲ.

ಕೊರುಕ್ ಅಂದರೆ ನಮ್ಮಲ್ಲಿ ಕಾಯ್ದಿಟ್ಟ ಹುಲ್ಲು. ನಮ್ಮ ಕಾರಾ-ಝಾರ್ ಊರಿನ ಹಿಂದೆ, ಹೊಳೆ ದಾಟಿದ ಕೂಡಲೇ ಏರುವ ಇಳಿಜಾರು ಅದು. ಬೇಸಿಗೆಯಿಡೀ ಅಲ್ಲಿಗೆ ಒಂದು ಕುರಿಯನ್ನೂ ಬಿಡುವುದಿಲ್ಲ. ಗಾಳಿ ಅಲ್ಲಿ ಹಿಮವನ್ನು ನಿಲ್ಲಗೊಡುವುದಿಲ್ಲ. ಹಾಗಾಗಿ ಕಣಿವೆಯೆಲ್ಲ ಹೂತುಹೋಗುವ ಕೆಟ್ಟ ಚಳಿಗಾಲದಲ್ಲಿ ಕುರಿಗಳು ಬಾಯಿ ಹಾಕಲು ಉಳಿಯುವುದು ಅಲ್ಲಿನ ನಿಂತ ಹುಲ್ಲು ಮಾತ್ರ. ಬೇಲಿ ಇಲ್ಲ, ಕಾವಲೂ ಇಲ್ಲ. ಹಸಿರನ್ನು ಬೇರುಸಹಿತ ಕೀಳಬಾರದೆಂದು ನಡೆಯಲು ಕಲಿಯುವ ಮಕ್ಕಳಿಗೇ ಹೇಳಿಕೊಡುತ್ತೇವೆ. ಕುಡುಗೋಲಲ್ಲಿ ಕೊಯ್ಯಬಹುದು, ಕುರಿ ಮೇಯಬಹುದು. ಬೇರು ಮಾತ್ರ ನೆಲದ್ದು.

ಕಾಲಿಸ್ ಇಲ್ಲಿಯವನಲ್ಲ. ರಾಜಧಾನಿಯಲ್ಲಿ ಹುಟ್ಟಿ, ಅಲ್ಲೇ ಗ್ಯಾರೇಜಿನಲ್ಲಿ ದುಡಿದು, ಗ್ಯಾರೇಜು ಮುಚ್ಚಿದ ಮೇಲೆ ಹೆಂಡತಿ ಝಿಪಾರ್‌ಳ ತವರಿಗೆ ಬಂದವನು. ಗಂಡಸು ಹೆಂಡತಿಯ ತಂದೆಯ ಮನೆಯಲ್ಲಿ ಉಳಿದರೆ ನಮ್ಮೂರಿನ ಬಾಯಿ ಸುಮ್ಮನಿರುತ್ತದೆಯೇ? ಹೊಳೆಯ ದಾರಿಯಲ್ಲಿ ಸಿಕ್ಕಾಗಲೆಲ್ಲ ಕುರಿಗಾಹಿ ಸಗಿನ್ ಕೇಳುತ್ತಿದ್ದ, “ಏನ್ ಅಳಿಯಂದ್ರೇ, ಮಾವನ ಮನೆ ರೊಟ್ಟಿ ಮೆತ್ತಗಿದೆಯಾ? ಹೊಟ್ಟೆ ಮುಂದೆ ಬಂದಿದೆ, ಅದಕ್ಕೇ ಕೇಳ್ದೆ.” ಕಾಲಿಸ್ ನಗುತ್ತಿದ್ದ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಅವನ ಮುಂದೆ ಎರಡೇ ದಾರಿ ಇದ್ದವು. ಊರಿನ ಅರ್ಧ ಗಂಡಸರಂತೆ ರಷ್ಯಕ್ಕೆ ಕೂಲಿಗೆ ಹೋಗುವುದು, ಇಲ್ಲವೇ ಇಲ್ಲೇ ನಾಲ್ಕು ಜನ ತಲೆಯೆತ್ತಿ ನೋಡುವಂಥ ಬೆಳೆ ತೆಗೆಯುವುದು. ರಷ್ಯಕ್ಕೆ ಹೋದ ಅಪ್ಪಂದಿರನ್ನು ಮಕ್ಕಳು ಫೋನಿನ ಗಾಜಿನಲ್ಲಿ ಕಾಣುತ್ತ ಬೆಳೆಯುವುದನ್ನು ಅವನು ನೋಡಿದ್ದ. ಬೆಗಾಯ್‌ಳನ್ನು ಬಿಟ್ಟು ಹೋಗಬಾರದು ಎಂಬುದೊಂದೇ ಅವನ ಹಟ. ಊರ ಕಚೇರಿಯವರು, ಬಂಜರು ಬಿದ್ದಿದೆಯಲ್ಲ ಎಂದು ಕೊರುಕ್ ಉಳಲು ಒಪ್ಪಿಗೆ ಕೊಟ್ಟರು. ಆಲೂಗಡ್ಡೆ ಹಾಕುವುದೆಂದು ಅವನು ತೀರ್ಮಾನಿಸಿದ.

ಉಳುವ ದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಊರಿನ ಬಹಳ ಜನ ಹೊಳೆಯ ಈಚೆ ದಡದಲ್ಲಿ ನಿಂತಿದ್ದರು, ಯಾರೂ ದಾಟಿ ಬರಲಿಲ್ಲ. ನೇಗಿಲು ನೆಲಕ್ಕಿಳಿಯುವ ಮುಂಚೆ ಹಿರಿಯರೊಬ್ಬರು ಬಾತಾ ಕೊಡಬೇಕು. ಎರಡೂ ಅಂಗೈಗಳನ್ನು ಎದೆಯ ಮುಂದೆ ಆಕಾಶಕ್ಕೆ ತೆರೆದು, ಒಳ್ಳೆಯದನ್ನು ನುಡಿದು, ಹಾಗೇ ಆಗಲಿ ಎನ್ನಲು ‘ಓಮಿನ್’ ಎಂದು ಆ ಕೈಗಳಿಂದ ಮುಖ ಸವರಿಕೊಳ್ಳುವುದು. ಊಟ ಮುಗಿದಾಗ, ದಾರಿಗೆ ಹೊರಟಾಗ, ಮಗು ಹುಟ್ಟಿದಾಗ, ಎಲ್ಲಕ್ಕೂ ಬಾತಾ ಬೇಕು. ಕಾಲಿಸ್ ಮಾವನ ಮುಖ ನೋಡಿದ. ತೊಕ್ತೊಸುನ್ ಕೈಗಳನ್ನು ಅಂಗಿಯ ತೋಳೊಳಗೆ ಎಳೆದುಕೊಂಡು ತಲೆ ತಗ್ಗಿಸಿದ.

“ಯಾರೂ ಕೊಡಲ್ವಾ?” ಕಾಲಿಸ್ ದಡದ ಕಡೆ ಕೂಗಿದ. “ಸರಿ. ನನಗೆ ನಾನೇ ಕೊಟ್ಕೋತೀನಿ. ನೀವೆಲ್ಲ ಹೆದರ್ತೀರಲ್ಲ, ಅದನ್ನೇ.”

ಅವನು ಕೈಗಳನ್ನು ಎದೆಯ ಮುಂದೆ ತಂದು ಮಗುಚಿದ. ಅಂಗೈ ನೆಲಕ್ಕೆ, ಕೈಯ ಹಿಂಬದಿ ಆಕಾಶಕ್ಕೆ.

ಅದನ್ನು ನಮ್ಮಲ್ಲಿ ತಮಾಷೆಗೂ ಮಾಡುವುದಿಲ್ಲ. ಮಕ್ಕಳು ಗೊತ್ತಿಲ್ಲದೆ ಮಾಡಿದರೆ ತಾಯಂದಿರು ಕೈಗೆ ಬಡಿಯುತ್ತಾರೆ. ಮಗುಚಿದ ಕೈಯಿಂದ ಬೇಡಿದ್ದು ಒಳ್ಳೆಯದಾಗಿ ಬರುವುದಿಲ್ಲ, ಶಾಪವಾಗಿ ಬರುತ್ತದೆ. ಪಟ್ಟಣದ ಕಾಲಿಸ್‌ಗೂ ಅದು ಗೊತ್ತಿತ್ತು. ಗೊತ್ತಿದ್ದೇ, ಸಗಿನ್ ನೋಡುತ್ತಿದ್ದಾನೆಂದೇ ಮಾಡಿದ.

“ನನ್ನ ಮನೆಯ ಹಸಿರು ಹಸಿರಿರುವಾಗಲೇ ಬಾಡಲಿ,” ಎಂದು ದೊಡ್ಡದಾಗಿ ಹೇಳಿ ಕೈಯ ಹಿಂಬದಿಯಿಂದ ಮುಖ ಒರೆಸಿಕೊಂಡ. “ಓಮಿನ್. ಆಯ್ತಾ? ಇನ್ನು ಮನೆಗೆ ಹೋಗಿ ಚಹಾ ಕುಡೀರಿ.”

ದಡದಲ್ಲಿ ಒಬ್ಬಿಬ್ಬರು ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ಟ್ರ್ಯಾಕ್ಟರಿನ ಚಕ್ರದ ಪಕ್ಕದಲ್ಲಿ, ಕೆಂಪು ಸ್ವೆಟರಿನ ಬೆಗಾಯ್, ತನ್ನ ಪುಟ್ಟ ಕೈಗಳೆರಡನ್ನೂ ಮಗುಚಿ ಹಿಡಿದು, ಅಪ್ಪನಂತೆಯೇ ತುಟಿ ಅಲ್ಲಾಡಿಸಿ, ಕೈಗಳ ಹಿಂಬದಿಯಿಂದ ಕೆನ್ನೆ ಸವರಿಕೊಳ್ಳುತ್ತಿದ್ದಳು. “ಓಮಿನ್,” ಎಂದಳು. ಝಿಪಾರ್ ಹೊಳೆಯ ನೀರಲ್ಲೇ ಓಡಿಬಂದು ಅವಳ ಕೈಗೆ ಪಟಪಟನೆ ಬಡಿದಳು. ಹುಡುಗಿ ಯಾಕೆಂದು ತಿಳಿಯದೆ ಅಪ್ಪನ ಕಾಲು ತಬ್ಬಿಕೊಂಡು ಅತ್ತಳು. ಬಡಿಯುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿತ್ತು.

ನೇಗಿಲು ಇಳಿಯಿತು. ಎಷ್ಟೋ ಚಳಿಗಾಲ ಕಂಡ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಬಿಗಿದಿದ್ದ ನೆಲ ಅದು. ಹಳೇ ಕಂಬಳಿಯನ್ನು ಇಬ್ಬರು ಹಿಡಿದು ಹರಿದಂಥ ಸದ್ದು ಇಳಿಜಾರಿನುದ್ದಕ್ಕೂ ಹೋಯಿತು. ಕಿತ್ತ ಹುಲ್ಲಿನ ಹಸಿ ವಾಸನೆ ಹೊಳೆ ದಾಟಿ ಊರೊಳಗೆ ಬಂತು. ಆ ದಿನ ಕುರಿಗಳು ಹಟ್ಟಿಯಿಂದ ಹೊರಗೆ ಕಾಲಿಡಲಿಲ್ಲ.

ಬೆಳೆಯ ವಿಷಯಕ್ಕೆ ಬಂದರೆ ಸುಳ್ಳು ಹೇಳಬಾರದು, ಅಂಥ ಆಲೂಗಡ್ಡೆ ಗಿಡ ಈ ಕಣಿವೆ ಕಂಡಿರಲಿಲ್ಲ. ಎಲೆಗಳು ಅಂಗೈಯಗಲ, ಕಡುಹಸಿರು. ಸಗಿನ್ ಕೂಡ ದಡದಲ್ಲಿ ನಿಂತು, “ಅಳಿಯಂದ್ರು ಮಾವನಿಗೇ ರೊಟ್ಟಿ ಹಾಕೋ ಹಾಗೆ ಕಾಣುತ್ತೆ,” ಎಂದ. ಕಾಲಿಸ್ ಅಂದು ಮನೆಗೆ ಬಂದು ಗೋಡೆಗೆ ಮುಖ ಮಾಡಲಿಲ್ಲ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳವೆಲ್ಲ ಕುಣಿದ. ಹೆಗಲ ಮೇಲಿದ್ದವಳು ತೀರ ಹಗುರವಾಗಿದ್ದಳು. ಅವನಿಗೆ ಅದು ಗೊತ್ತಾಗಲಿಲ್ಲ.

ಝಿಪಾರ್‌ಗೆ ಮೊದಲು ತಿಳಿದದ್ದು ಮೂಗಿನಿಂದ. ಮನೆಯೊಳಗೆ ಆಗತಾನೆ ಕಿತ್ತ ಹುಲ್ಲಿನ ವಾಸನೆ. ಬಾಗಿಲು ಹಾಕಿದರೂ ಇತ್ತು, ಹಾಸಿಗೆ ಬಿಸಿಲಿಗೆ ಹಾಕಿದರೂ ಇತ್ತು. ಎಲ್ಲಿಂದ ಬರುತ್ತಿದೆಯೆಂದು ಅವಳು ಮೂಲೆಮೂಲೆ ಮೂಸಿದಳು. ಕೊನೆಗೆ ಮಲಗಿದ್ದ ಮಗಳ ತಲೆಯ ಹತ್ತಿರ ಬಗ್ಗಿದಳು. ವಾಸನೆ ಅಲ್ಲಿಂದಲೇ ಬರುತ್ತಿತ್ತು.

“ರೀ, ಮಗು ನೆತ್ತಿ ಮೂಸಿ ನೋಡಿ.”

“ಹುಲ್ಲಲ್ಲಿ ಆಡಿರ್ತಾಳೆ.”

“ಅವಳು ಈಚೆಗೆ ಹೊರಗೇ ಹೋಗಿಲ್ಲ. ಮೆಟ್ಟಿಲು ಇಳಿಯೋಕೂ ಆಗ್ತಿಲ್ಲ ಅವಳಿಗೆ.”

“ಬಿಸಿಲು ಕಣೇ. ಮಜ್ಜಿಗೆ ಕುಡಿಸು.”

ಹೊಲದಲ್ಲಿ ಸಾಲುಗಳ ನಡುವೆ ಹಳೆಯ ಹುಲ್ಲು ಮತ್ತೆ ತಲೆಯೆತ್ತಿತ್ತು. ಹರಿದ ಬೇರಿನ ತುಂಡುಗಳಿಂದ ಸೂಜಿಯಂಥ ಚಿಗುರು. ಕಾಲಿಸ್‌ಗೆ ಅದು ಕಳೆ. ಒಂದು ದಿನ ಬೆಳಿಗ್ಗೆ ಬಗ್ಗಿದವನು ಸಂಜೆಯವರೆಗೆ ಸೊಂಟ ನೆಟ್ಟಗೆ ಮಾಡದೆ ಕಿತ್ತ. ಪ್ರತಿ ಬುಡವೂ ಕೀಳುವಾಗ ಸಣ್ಣಗೆ ಕಿರ್ ಅನ್ನುತ್ತಿತ್ತು. ಕಿತ್ತದ್ದನ್ನು ರಾಶಿ ಹಾಕಿ, ಕೈ ತೊಳೆದು, ಶಿಳ್ಳೆ ಹಾಕುತ್ತ ಮನೆಗೆ ಬಂದ.

ಝಿಪಾರ್ ಕಿಟಕಿಯ ಕೆಳಗೆ ಮಗಳ ಜಡೆ ಬಿಚ್ಚುತ್ತಿದ್ದಳು. ಜಡೆ ಹಾಗೇ ಅವಳ ಕೈಗೆ ಬಂತು, ಇಡಿಯಾಗಿ. ಬೆಗಾಯ್‌ಗೆ ನೋವೂ ಆಗಲಿಲ್ಲ. “ಅಮ್ಮಾ, ಬಿಚ್ಚಾಯ್ತಾ?” ಎಂದು ಕೇಳಿದಳು. ಝಿಪಾರ್ ಆ ಕೂದಲನ್ನು ಗಂಡನ ಮುಂದೆ ಹಿಡಿದಳು. ಒಂದೊಂದು ಕೂದಲಿನ ಬುಡದಲ್ಲೂ ಬಿಳಿಯ ಬೇರು. ಬೇರಿನ ತುದಿಯಲ್ಲಿ ಒದ್ದೆ ಮಣ್ಣು.

ನಾರಿನ್ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಳ್ಳೆಯ ವೈದ್ಯರು, ಎಲ್ಲ ಪರೀಕ್ಷೆ ಮಾಡಿದರು, ರಕ್ತ ಸರಿಯಾಗಿದೆ, ಎದೆ ಸರಿಯಾಗಿದೆ, ಕಾರಣ ಗೊತ್ತಾಗುತ್ತಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ಹಿಂದಿರುಗುವಾಗ ಝಿಪಾರ್ ಬಸ್ಸಿನಲ್ಲಿ ಒಂದೇ ಮಾತು ಆಡಿದಳು. “ನೀವು ಅವತ್ತು ಕೈ ಮಗುಚಿದ್ರಿ. ಅವಳೂ ಮಗುಚಿದ್ಲು.”

“ಮುಚ್ಚು ಬಾಯಿ. ಅದೆಲ್ಲ ಸುಳ್ಳು. ಸುಳ್ಳು ಅಂತ ತೋರಿಸ್ತೀನಿ.”

ಮರುದಿನ ಮಧ್ಯಾಹ್ನ ಕಾಲಿಸ್ ಹೊಲಕ್ಕೆ ಹೋದ. ಹೊಳೆಯಾಚೆಯ ಮನೆ ಅಲ್ಲಿಂದ ನೇರವಾಗಿ ಕಾಣುತ್ತದೆ. ಕಿಟಕಿ ತೆರೆದಿತ್ತು. ಗಾಳಿ ಇರಲಿಲ್ಲ. ಅವನು ಬಗ್ಗಿ, ಒಂದು ಬುಡ ಹುಲ್ಲು ಹಿಡಿದು, ಮನೆಯ ಕಡೆ ನೋಡುತ್ತಲೇ ಎಳೆದ.

ಕಿಟಕಿಯಿಂದ ಮಗುವಿನ ಚೀರು ಬಂತು.

ಅವನ ಕೈ ಸಡಿಲಾಯಿತು. ಕಾಕತಾಳೀಯ, ಎಂದುಕೊಂಡ. ಸ್ವಲ್ಪ ಹೊತ್ತು ಕಾದ. ಹೊಳೆ ಹರಿಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಇನ್ನೊಂದು ಬುಡಕ್ಕೆ ಕೈ ಹಾಕಿದ. ಎರಡನೆಯದನ್ನು ಅವನು ಕೀಳಬಾರದಿತ್ತು. ಮೊದಲನೆಯದು ಅರಿಯದೆ ಆದದ್ದು ಎನ್ನಬಹುದಿತ್ತು, ಎರಡನೆಯದಕ್ಕೆ ಯಾವ ಮಾತೂ ಇಲ್ಲ. ಆದರೂ ಕಿತ್ತ. ಚೀರು ಮತ್ತೆ ಬಂತು, ಈ ಸಲ “ಅಪ್ಪಾ” ಎಂದು.

ತಲೆಯೆತ್ತಿದಾಗ ಕಿಟಕಿಯಲ್ಲಿ ಝಿಪಾರ್ ನಿಂತಿದ್ದಳು. ಅವನ ಕೈಯಲ್ಲಿದ್ದ ಹುಲ್ಲನ್ನು ನೋಡುತ್ತಿದ್ದಳು. ಅಂದಿನಿಂದ ಅವಳು ಗಂಡನ ಜೊತೆ ಮಾತು ಬಿಟ್ಟಳು.

ಕಾಲಿಸ್ ಮಾವನನ್ನು ಹುಡುಕಿಕೊಂಡು ಹಟ್ಟಿಗೆ ಹೋದ. ತೊಕ್ತೊಸುನ್ ಕುರಿಗಳ ನಡುವೆ ಕೂತಿದ್ದ.

“ಹೇಳಿ ಮಾವ. ಎಲ್ಲಾ ಹೇಳಿ.”

“ಈಗ ಕೇಳ್ತೀಯಾ.” ಮುದುಕನ ದನಿಯಲ್ಲಿ ಕೋಪವಿರಲಿಲ್ಲ. “ನನ್ನ ಹೆಸರಿಗೆ ಏನರ್ಥ ಗೊತ್ತಲ್ಲ ನಿನಗೆ?”

“ನಿಲ್ಲಲಿ ಅಂತ.”

“ಯಾಕೆ ಇಟ್ರು ಅಂತ ಯಾವತ್ತಾದ್ರೂ ಯೋಚಿಸಿದ್ಯಾ? ನನಗಿಂತ ಮುಂಚೆ ಹುಟ್ಟಿದ್ದವು ಯಾವುವೂ ನಿಲ್ಲಲಿಲ್ಲ. ಸರ್ಕಾರದ ಫಾರ್ಮಿನ ಕಾಲ ಅದು. ಕೊರುಕ್ ಉಳಬೇಕು ಅಂತ ಮೇಲಿಂದ ಅಪ್ಪಣೆ ಬಂತು, ಉತ್ತೋನು ನನ್ನಪ್ಪ. ಆ ಚಳಿಗಾಲ ಹಿಮ ಎದೆಮಟ್ಟ ಬಿತ್ತು. ಕಾನಿಮ್ ಅಂತ ಒಬ್ಬಳು ವಿಧವೆ, ಆ ಇಳಿಜಾರಿನ ಹುಲ್ಲು ನಂಬ್ಕೊಂಡು ಕುರಿ ಸಾಕಿದ್ಲು. ಹುಲ್ಲಿಲ್ಲ. ಕುರಿ ಹೋದವು. ಹಾಲಿಲ್ಲದೆ ಅವಳ ಕೂಸೂ ಹೋಯ್ತು. ಅವಳು ಆ ಉತ್ತ ನೆಲದ ಮೇಲೆ ಕೂತು ಕೈ ಮಗುಚಿದ್ಲು. ಹಸಿರು ಕಿತ್ತೋರ ಮನೆ ಹಸಿರಿರುವಾಗಲೇ ಬಾಡಲಿ ಅಂದ್ಲು. ಕೂತಲ್ಲೇ ಹೆಪ್ಪುಗಟ್ಟಿ ಸತ್ತಳು. ಆ ಕೈಯನ್ನ ತಿರುಗಿಸಿ ನೆಟ್ಟಗೆ ಮಾಡೋಕೆ ಯಾರ ಕೈಲೂ ಆಗ್ಲಿಲ್ಲವಂತೆ. ಹಾಗೇ ಹೂತರು.”

“ನೀವು ಹೇಗೆ ಉಳಿದ್ರಿ?”

“ನಮ್ಮವ್ವ. ವರ್ಷಾ ವರ್ಷಾ ಬೀಜ ಕಟ್ಟಿದ ಹುಲ್ಲು ಕೊಯ್ದು ಹೊತ್ಕೊಂಡು ಹೋಗಿ ಅಲ್ಲಿ ಹರಡಿದ್ಲು. ಕುರಿ ಬಿಟ್ಟು ತುಳಿಸಿದ್ಲು. ನಾನು ಹೊಟ್ಟೇಲಿದ್ದಾಗ ಮೊದಲ ಹುಲ್ಲು ನಿಂತಿತು. ನಾನೂ ನಿಂತೆ.” ಅವನು ಒಂದು ಕುರಿಯ ಉಣ್ಣೆಯೊಳಗೆ ಬೆರಳು ಹೂತುಕೊಂಡ. “ಅದು ಹೊದ್ದು ಮಲಗಿತ್ತು ಕಣೋ. ನೀನು ಹೊದಿಕೆ ಎಳೆದೆ. ಆ ಮೇಲೆ ಬಾ ಅಂತ ಕರೆದೆ.”

ಕಾಲಿಸ್ ಅಲ್ಲೇ ಕುರಿಹಿಕ್ಕೆಯ ಮೇಲೆ ಕುಸಿದು ಕೂತು ಅತ್ತ.

ಮರುದಿನದಿಂದ ಅವನು ಮನುಷ್ಯನಂತಿರಲಿಲ್ಲ. ಕಣಿವೆಯ ಕೆಳಗೆ, ಬೀಜ ಬಲಿತ ಹುಲ್ಲು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕುಡುಗೋಲು ಹಿಡಿದು ಕೊಯ್ದ. ಕತ್ತೆಗಾಡಿಯಲ್ಲಿ ತಂದು ಇಳಿಜಾರಿನ ಮೇಲೆ ಹರಡಿದ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅಲ್ಲಲ್ಲಿ ಸ್ವಲ್ಪ ಸ್ವಲ್ಪ, ಬೀಜ ಉದುರಿ ಹಿಡಿಯಲೆಂದು. ಅಷ್ಟು ಚೆಂದದ ಆಲೂಗಡ್ಡೆ ನೆಲದೊಳಗೇ ಉಳಿಯಿತು. ಗಿಡ ಕೀಳಲು ಅವನ ಕೈ ಬರಲಿಲ್ಲ. ಯಾವುದು ಹುಲ್ಲಿನ ಬೇರು, ಯಾವುದು ಮಗಳ ಬೇರು ಎಂದು ಅವನಿಗೆ ಭಯ. ಗೆಡ್ಡೆಗಳು ಮಣ್ಣೊಳಗೇ ಕೊಳೆತು ನಾರಿದವು.

ಒಂದು ಬೆಳಿಗ್ಗೆ ಹೊಳೆಯಲ್ಲಿ ಗೊರಸುಗಳ ಸದ್ದು ಕೇಳಿತು. ಸಗಿನ್ ಊರಿನ ಕುರಿಗಳನ್ನೆಲ್ಲ ಒಟ್ಟುಮಾಡಿ ಹೊಡೆದುಕೊಂಡು ಬಂದಿದ್ದ.

“ಏನ್ ನೋಡ್ತೀಯಾ?” ಎಂದ, ಕಾಲಿಸ್‌ನ ಮುಖ ನೋಡದೆ. “ಬೀಜ ತುಳಿಯೋಕೆ ನಿನ್ನ ಎರಡು ಕಾಲು ಸಾಕಾಗುತ್ತಾ? ಆ ಕಡೆ ಹೋಗಿ ಅಡ್ಡ ನಿಲ್ಲು. ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲಿಸ್ಬೇಡ, ಮೇಯಿಸಿ ಮುಂದೆ ದೂಡು.”

ಇಡೀ ಊರು ಬಂತು. ಹೆಂಗಸರು ಮಡಿಲಲ್ಲಿ ಬೀಜ ತಂದರು. ಕುರಿಗಳು ಒತ್ತೊತ್ತಾಗಿ ತುಳಿದವು, ಹಿಕ್ಕೆ ಹಾಕಿದವು, ಮುಂದೆ ಹೋದವು. ಬೆಗಾಯ್ ತಲೆಗೆ ಅಮ್ಮನ ವಸ್ತ್ರ ಕಟ್ಟಿಕೊಂಡು ಕಿಟಕಿಯಲ್ಲಿ ಕೂತು ಕುರಿ ಎಣಿಸುತ್ತಿದ್ದಳು. ತೊಕ್ತೊಸುನ್ ಬಾಣಲೆ ಇಟ್ಟು ಏಳು ರೊಟ್ಟಿ ಕರಿದ. ಕರಿದ ಎಣ್ಣೆಯ ವಾಸನೆ ಸತ್ತವರಿಗೆ ಮುಟ್ಟುತ್ತದೆಂಬುದು ನಮ್ಮ ನಂಬಿಕೆ. ಆ ರೊಟ್ಟಿಗಳನ್ನು ಹೊತ್ತುಕೊಂಡು ಅವನು ಕಾನಿಮ್‌ಳ ಸಮಾಧಿಯ ಹತ್ತಿರ ಹೋಗಿ ಕೈ ಮಗುಚಿ ಕೂತ. ನನ್ನನ್ನು ತಗೊ, ಮಗುವನ್ನು ಬಿಡು ಎಂದು ಕೇಳಿಕೊಳ್ಳುತ್ತ ಸಂಜೆಯವರೆಗೆ ಕೂತಿದ್ದ. ಆಮೇಲೆ ನಡೆದುಕೊಂಡು ಮನೆಗೆ ಬಂದ. ಜೀವಂತ ಬಂದದ್ದಕ್ಕೆ ಅವನ ಮುಖ ನಾಚಿಕೆಯಿಂದ ಕಪ್ಪಿಟ್ಟಿತ್ತು.

“ನನ್ನನ್ನ ತಗೊಳ್ಳಲಿಲ್ಲ ಮಗಳೇ,” ಎಂದ ಝಿಪಾರ್‌ಗೆ. “ಒಣಗಿದ್ದು ಅವಳಿಗೆ ಬೇಡ.”

ಮೊದಲ ಮಳೆಗೆ ಇಳಿಜಾರಿನ ಮೇಲೆ ತೆಳ್ಳನೆ ಹಸಿರು ಕಂಡಿತು. ಅದೇ ವಾರ ಬೆಗಾಯ್‌ಳ ನೆತ್ತಿಯ ಮೇಲೆ ಮರಿಹಕ್ಕಿಯ ಪುಕ್ಕದಂಥ ಕೂದಲು. ಅವಳು ಎದ್ದು ಬಾಗಿಲವರೆಗೆ ನಡೆದಳು. “ಅಪ್ಪಾ, ಮುಟ್ಟಿ ನೋಡು,” ಎಂದು ತಲೆ ಬಗ್ಗಿಸಿದಳು. ಕಾಲಿಸ್ ಕೈಚಾಚಿದ. ಮುಟ್ಟಲು ಧೈರ್ಯ ಸಾಲದೆ ಉಸಿರು ಊದಿದ. ಅವಳು ಕಚಗುಳಿಯಾಗಿ ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳಿದ್ದು ಅದೇ ಕೊನೆ.

ಆಮೇಲೆ ಗಾಳಿ ಬಂತು.

ಚಳಿಗಾಲಕ್ಕೆ ಮುಂಚಿನ ಗಾಳಿ ನಮಗೆ ಹೊಸದಲ್ಲ. ಆದರೆ ಬೇರು ಹಿಡಿಯದ ಮಣ್ಣಿನ ಮೇಲೆ ಅದು ಬೀಸಿದ್ದನ್ನು ನಾವು ಕಂಡಿರಲಿಲ್ಲ. ಹಾಡುಹಗಲೇ ಇಳಿಜಾರು ಎದ್ದು ನಿಂತಿತು. ಕಪ್ಪು ಧೂಳು ಹೊಳೆ ದಾಟಿ ಬಂತು. ಸೂರ್ಯ ಕೆಂಪಾಗಿ, ಕಂದಾಗಿ, ಇಲ್ಲವಾದ. ಹಲ್ಲಿನ ನಡುವೆ ಮಣ್ಣು ಕರಕರ ಎಂದಿತು. ಮನೆಯೊಳಗೆ ಬೆಗಾಯ್ ಉಸಿರಿಗೆ ತಡಕಾಡಿದಳು. ಕಿತ್ತ ಹುಲ್ಲಿನ ವಾಸನೆ ಕೋಣೆಯ ತುಂಬ ಎಷ್ಟು ಗಾಢವಾಯಿತೆಂದರೆ ಝಿಪಾರ್‌ಗೆ ಓಕರಿಕೆ ಬಂತು. ಕಾಲಿಸ್ ನೆಲಕ್ಕೆ ಹಾಸಿದ್ದ ಉಣ್ಣೆಯ ಜಮಖಾನಗಳನ್ನೆಲ್ಲ ಸುತ್ತಿ ಬೆನ್ನ ಮೇಲೆ ಹೊತ್ತು ಹೊರಗೆ ಓಡಿದ. ಮೊಳಕೆಗಳ ಮೇಲೆ ಹೊದಿಸಬೇಕು. ಎಷ್ಟಾದರೆ ಅಷ್ಟು.

ಏನೂ ಕಾಣುತ್ತಿರಲಿಲ್ಲ. ಕಾಲಿನಿಂದ ತಡವಿ ಏರಿದ. ಒಂದು ಜಮಖಾನ ಹಾಸಿ ಮೇಲೆ ಕಲ್ಲಿಟ್ಟ. ಎರಡನೆಯದನ್ನು ಗಾಳಿ ಕಿತ್ತುಕೊಂಡಿತು. ಆಗ ಆ ಸದ್ದು ಕೇಳಿತು.

ಕಿರ್. ಕಿರ್.

ಯಾರೋ ಹುಲ್ಲು ಕೀಳುತ್ತಿದ್ದರು. ತೀರ ಹತ್ತಿರ. ನಿಧಾನವಾಗಿ, ಅವಸರವಿಲ್ಲದೆ.

“ಯಾರದು?”

ಕಿರ್.

ಧೂಳಿನಲ್ಲಿ ಒಂದು ಬೆನ್ನು ಕಂಡಿತು. ಹೆಂಗಸಿನ ಬೆನ್ನು. ನೆಲದ ಮೇಲೆ ಕೂತಿದ್ದಳು. ಅವಳ ವಸ್ತ್ರ ಗಾಳಿಗೆ ಅಲ್ಲಾಡುತ್ತಿರಲಿಲ್ಲ. ಎರಡು ಬೆರಳಿಂದ ಮೊಳಕೆ ಹಿಡಿಯುವಳು. ಎಳೆಯುವಳು. ಪಕ್ಕಕ್ಕಿಡುವಳು. ಮತ್ತೆ ಹಿಡಿಯುವಳು.

“ಬೇಡ. ತಾಯಿ, ಬೇಡ. ಸಾಕು.”

ಅವಳು ನಿಲ್ಲಿಸಿದಳು. ತಿರುಗಲಿಲ್ಲ. ಕೈಗಳೆರಡೂ ಮೇಲೆ ಬಂದವು. ಮಗುಚಿದ ಕೈಗಳು. ಕೈಯ ಹಿಂಬದಿ ಮೇಲೆ, ಅಂಗೈ ಕೆಳಗೆ. ತುಟಿ ಅಲ್ಲಾಡಿದ್ದು ಕಾಣಲಿಲ್ಲ, ಮಾತು ಮಾತ್ರ ಕೇಳಿತು. ಮಾತು ಅವನದೇ, ದನಿಯೂ ಅವನದೇ. ನನ್ನ ಮನೆಯ ಹಸಿರು.

ಕಾಲಿಸ್ ಅವಳತ್ತ ಹಾರಿದ. ಅವಳ ಮಣಿಕಟ್ಟು ಹಿಡಿದ. ತಣ್ಣಗಿತ್ತು. ಒಣಬೇರಿನಂತೆ ಗಟ್ಟಿ. ತಿರುಗಿಸಿದ. ತಿರುಗಲಿಲ್ಲ. ಮೊಣಕಾಲೂರಿ, ಹಲ್ಲು ಕಚ್ಚಿ, ಮೈಯ ಭಾರವೆಲ್ಲ ಹಾಕಿ ತಿರುಗಿಸಿದ. ಏನೋ ಮುರಿಯಿತು. ಅವಳದೋ ತನ್ನದೋ. ಬಾಯಿ ತುಂಬ ಮಣ್ಣು. ಉಸಿರಿಲ್ಲ. ಬಿಡಲಿಲ್ಲ. ತಿರುಗು. ತಿರುಗು. ತಿರುಗು.

ತಿರುಗಿತು.

ಅವಳ ಅಂಗೈಗಳು ಆಕಾಶಕ್ಕೆ ತೆರೆದವು. ಅವುಗಳಲ್ಲಿ ಒದ್ದೆ ಮೊಳಕೆಗಳಿದ್ದವು, ಬೇರುಸಹಿತ, ಹಸಿರಾಗಿ. ಅವಳು ಅವನ್ನು ನೆಲಕ್ಕೆ ಸುರಿದಳು. ಗಾಳಿ ನಿಂತಿತು. ಎದುರಿಗೆ ಯಾರೂ ಇರಲಿಲ್ಲ.

ಕಾಲಿಸ್ ನಗುತ್ತ, ಅಳುತ್ತ, ಬೀಳುತ್ತ ಇಳಿದು ಓಡಿದ. ಹೊಳೆಯಲ್ಲಿ ಮುಗ್ಗರಿಸಿದ. ಬಾಗಿಲು ತಳ್ಳಿದ. ಮನೆಯೊಳಗೆ ಕಿತ್ತ ಹುಲ್ಲಿನ ವಾಸನೆ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಬರೀ ಚಹಾದ, ರೊಟ್ಟಿಯ, ಉಣ್ಣೆಯ ವಾಸನೆ. “ಹೋಯ್ತು ಝಿಪಾರ್, ಹೋಯ್ತು,” ಎಂದ.

ಝಿಪಾರ್ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಆ ಮೆತ್ತನೆಯ ಪುಕ್ಕದ ನೆತ್ತಿಯ ಮೇಲೆ ಅವಳ ಕೈ ಇತ್ತು. ಮೂಲೆಯಲ್ಲಿ ತೊಕ್ತೊಸುನ್ ಗೋಡೆಗೆ ಹಣೆ ಆನಿಸಿ ನಿಂತಿದ್ದ. ಗಾಳಿ ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಬೆಗಾಯ್ ಹೋಗಿದ್ದಳು.

ಕಾಲಿಸ್ ದೇವರನ್ನು ಕೇಳಲು ಕೈ ಎತ್ತಿದ. ಅಂಗೈ ತೆರೆಯಲಿಲ್ಲ. ಅವನು ಎಷ್ಟು ಬಲವಂತ ಮಾಡಿದರೂ ಅವನ ಎರಡೂ ಕೈಗಳು ತಾವಾಗಿಯೇ ಮಗುಚಿಕೊಂಡವು.

ಮುಂದಿನ ವಸಂತದಲ್ಲಿ ಕೊರುಕ್‌ನಲ್ಲಿ ಹುಲ್ಲು ನಿಂತಿತು. ಗೆಡ್ಡೆ ಕೊಳೆತ ಕಡೆಯೂ, ಗಾಳಿ ಬರಿದು ಮಾಡಿದ ಕಡೆಯೂ. ಅದೇ ವಸಂತದಲ್ಲಿ ಝಿಪಾರ್ ಹೆತ್ತಳು. ಆ ಗಾಳಿಯ ದಿನ ಅವಳ ಹೊಟ್ಟೆಯಲ್ಲಿ ಇನ್ನೊಂದು ಇದ್ದದ್ದು ಅವನಿಗೆ ಗೊತ್ತಿರಲಿಲ್ಲ, ಅವಳು ಹೇಳಿರಲಿಲ್ಲ. ಹೆಣ್ಣು. ತುರ್ಸುನಾಯ್ ಎಂದು ಮುದುಕ ಹೆಸರಿಟ್ಟ. ಅದರ ಅರ್ಥವೂ ನಿಲ್ಲಲಿ ಎಂದೇ.

ಕಾಲಿಸ್ ರಷ್ಯಕ್ಕೆ ಹೋಗಲಿಲ್ಲ. ಈ ಊರಿನಲ್ಲೇ ಉಳಿದ. ಬೇಸಿಗೆಯಿಡೀ ಇಳಿಜಾರಿನ ಕೆಳಗೆ ಕೂತು ಒಂದು ಕುರಿಯೂ ಹತ್ತದಂತೆ ಕಾಯುತ್ತಾನೆ. ಬಯಲಾದ ಜಾಗ ಕಂಡರೆ ಬೀಜ ಉದುರಿಸುತ್ತಾನೆ. ಹಿಮ ಬಿದ್ದಾಗ ಊರಿನ ಕುರಿಗಳನ್ನು ತಾನೇ ಕರೆದುಕೊಂಡು ಹೋಗಿ, ಅಲ್ಲಿಷ್ಟು ಇಲ್ಲಿಷ್ಟು ಮೇಯಿಸಿ ಇಳಿಸುತ್ತಾನೆ. ಈಗ ಅವನನ್ನು ಯಾರೂ ಮನೆ ಅಳಿಯ ಎಂದು ರೇಗಿಸುವುದಿಲ್ಲ. ಸಗಿನ್ ಅಂತೂ ದಾರಿಯಲ್ಲಿ ಸಿಕ್ಕರೆ ಟೋಪಿ ಸರಿಮಾಡಿಕೊಂಡು ಸುಮ್ಮನೆ ಹೋಗುತ್ತಾನೆ.

ಮೊನ್ನೆ ಅವರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ತಟ್ಟೆಗಳು ಖಾಲಿಯಾದವು. ತೊಕ್ತೊಸುನ್ ಬಾತಾ ಕೊಡಲು ಕೈ ತೆರೆದ. ನಾವೆಲ್ಲ ಅಂಗೈ ತೆರೆದೆವು. ಕಾಲಿಸ್, ಯಾವಾಗಲೂ ಮಾಡುವಂತೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಎದುರಿಗೆ ಕೂತಿದ್ದ ತುರ್ಸುನಾಯ್, ಈಗಷ್ಟೇ ಮಾತು ಕಲಿಯುತ್ತಿರುವ ಕೂಸು, ಅಪ್ಪನನ್ನು ನೋಡಿದಳು. ನೋಡಿ, ತನ್ನ ಪುಟ್ಟ ಕೈಗಳನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಝಿಪಾರ್ ಎದ್ದು ಮಗಳ ಹಿಂದೆ ಕೂತಳು. ಆ ಕೈಗಳನ್ನು ಒಂದೊಂದಾಗಿ ಮುಂದಕ್ಕೆ ತಂದು, ಬೆರಳು ಬಿಡಿಸಿ, ಅಂಗೈ ಮೇಲೆ ಮಾಡಿ, ಕೆಳಗಿನಿಂದ ತನ್ನ ಕೈಯ ಆಸರೆ ಕೊಟ್ಟಳು.

“ಹೀಗೆ ಮಗಾ,” ಎಂದಳು. “ಅಮ್ಮನ ಕೈ ನೋಡು. ಅಪ್ಪನ್ನ ನೋಡ್ಬೇಡ.”